ಕೊಪ್ಪಳದ ಕೇಸರ್ ಮಾವು ಹತ್ತಿದ ವಿಮಾನದಲ್ಲಿ ಫ್ರಿಜ್ ಇರುತ್ತಾ?

[ಮೇಜಿನ ಮೇಲೆ ತೂತುಗಳಿರುವ ರಟ್ಟಿನ ಮಾವಿನ ಡಬ್ಬಿ, ಪಕ್ಕದಲ್ಲಿ ಥರ್ಮಾಕೋಲ್ ಡಬ್ಬಿ]

ನಮಸ್ಕಾರ. ಕುಷ್ಟಗಿ ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಸರ್, ನಮ್ಮ ಕೇಸರ್ ಮಾವು ವಿಮಾನದಾಗ ಫಾರಿನ್‌ಗೆ ಹೋಗ್ತಾವಂತ. ಆ ವಿಮಾನದಾಗ ಫ್ರಿಜ್ ಇರ್ತೈತೇನ್ರೀ?"

ಸಾಮಾನ್ಯವಾಗಿ ಇರಲ್ಲ. ಉತ್ತರ ಇಷ್ಟೇ. ಆದರೆ ಫ್ರಿಜ್ ಇಲ್ಲದೆ ಹಣ್ಣು, ಮೀನು, ಐಸ್ ಕ್ರೀಮ್ ಸಮುದ್ರ ದಾಟೋದು ಹೇಗೆ ಅನ್ನೋದೇ ಮಜಾ.

ಮೊದಲು ಸರಸರ ಒಂದೆರಡು ವಿಷಯ. ವಿಮಾನದಲ್ಲಿ ಹೋಗೋ ಸರಕೆಲ್ಲ ಸರಕಿನ ವಿಮಾನದಲ್ಲೇ ಹೋಗಲ್ಲ. ತುಂಬಾ ಸರಕು ನೀವು ಕೂತಿರೋ ವಿಮಾನದ ಹೊಟ್ಟೆಯಲ್ಲೇ, ನಿಮ್ಮ ಸೀಟಿನ ಕೆಳಗೇ ಇರುತ್ತೆ. 35,000 ಅಡಿ ಎತ್ತರದಲ್ಲಿ ಹೊರಗೆ ಮೈನಸ್ 50 ಡಿಗ್ರಿ. ಹಾಗಾದ್ರೆ ಪುಕ್ಕಟೆ ತಂಪು ಸಿಕ್ತಲ್ಲ ಅಂತೀರಾ? ಸಿಗಲ್ಲ. ಸರಕಿನ ಜಾಗಕ್ಕೂ ನೀವು ಕೂತಿರೋ ಜಾಗದ ಹಾಗೇ ಗಾಳಿಯ ಒತ್ತಡ ಇರುತ್ತೆ, ತಕ್ಕಮಟ್ಟಿಗೆ ಬೆಚ್ಚಗೂ ಇರುತ್ತೆ. ನಾಯಿ ಬೆಕ್ಕು ಕೂಡ ಅಲ್ಲೇ ಪ್ರಯಾಣ ಮಾಡೋದು. ಬ್ಯಾಟರಿ ಮೇಲೆ ನಡೆಯೋ ತಂಪು ಕಂಟೇನರ್‌ಗಳೂ ಇವೆ, ಆದರೆ ಬಾಡಿಗೆ ವಿಪರೀತ. ಅವು ಹೆಚ್ಚಾಗಿ ಲಸಿಕೆಗೆ, ಔಷಧಿಗೆ. ಮಾವಿನಹಣ್ಣಿಗೆ ಆ ಭಾಗ್ಯ ಇಲ್ಲ.

ಹಾಗಾದ್ರೆ ಏನು ಮಾಡ್ತಾರೆ? ಹಳ್ಳಿಗೆ ಸೈಕಲ್ ಮೇಲೆ ಐಸ್ ಕ್ಯಾಂಡಿ ಮಾರೋಕೆ ಬರುತ್ತಿದ್ದ ಅಣ್ಣನ ಡಬ್ಬಿ ನೆನಪು ಮಾಡ್ಕೊಳ್ಳಿ. ಡಬ್ಬಿಗೆ ಕರೆಂಟ್ ಇರಲಿಲ್ಲ. ಐಸ್ ಫ್ಯಾಕ್ಟರಿಯಿಂದ ಬರುವಾಗ ಎಷ್ಟು ತಂಪು ತಂದಿದ್ದನೋ ಅಷ್ಟೇ ಅವನ ಬಂಡವಾಳ. ಪದೇ ಪದೇ ಮುಚ್ಚಳ ತೆಗೆದರೆ ಬಂಡವಾಳ ಕರಗ್ತಾ ಹೋಗೋದು. ಊರ ಹುಡುಗರು ಸುಮ್ನೆ ಇಣುಕಿ ನೋಡೋಕೆ ಬಂದರೆ ಬೈಯುತ್ತಿದ್ದದ್ದು ಅದಕ್ಕೇ! ವಿಮಾನದ ಸರಕೂ ಹೀಗೇ. ವಿಮಾನ ತಂಪು ಮಾಡಿ ಕೊಡಲ್ಲ. ನೀವು ತುಂಬಿ ಕಳಿಸಿದ ತಂಪು ತಲುಪೋವರೆಗೆ ಉಳಿಯಬೇಕು, ಅಷ್ಟೇ.

[ಥರ್ಮಾಕೋಲ್ ಡಬ್ಬಿ ತೆರೆಯುವುದು, ಬಿಳಿ ಹೊಗೆ]

ಫ್ರೀಜ್ ಮಾಡಿದ ಆಹಾರಕ್ಕೆ ಮೈನಸ್ 18 ಡಿಗ್ರಿ ಬೇಕು. ಅದಕ್ಕೆ ಹಾಕೋದು ಡ್ರೈ ಐಸ್, ಅಂದರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿ. ಕರಗಿ ನೀರಾಗಲ್ಲ, ನೇರ ಗಾಳಿಯಾಗಿ ಹಾರಿಹೋಗುತ್ತೆ. ಆ ತಣ್ಣನೆ ಗಾಳಿ ಭಾರ, ಕೆಳಗೆ ಇಳಿಯುತ್ತೆ. ಅದಕ್ಕೆ ಡ್ರೈ ಐಸನ್ನ ಸರಕಿನ ಮೇಲುಗಡೆ ಇಡೋದು.

ಇಲ್ಲೊಂದು ಪೇಚು ಇದೆ. ಈ ವಿಡಿಯೋದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ, ಸ್ವಲ್ಪ ಜಾಸ್ತಿ ಮಾತಾಡ್ತೀನಿ. ಒಂದು ಕಿಲೋ ಡ್ರೈ ಐಸ್ ಪೂರ್ತಿ ಗಾಳಿಯಾದರೆ 500 ಲೀಟರ್‌ಗೂ ಜಾಸ್ತಿ. ಗಾಳಿಯಾಡದ ಹಾಗೆ ಡಬ್ಬಿ ಮುಚ್ಚಿದರೆ ಒತ್ತಡ ಏರಿ ಡಬ್ಬಿಯೇ ಒಡೆಯುತ್ತೆ. ಗಾಳಿ ಹೊರಗೆ ಬಿಟ್ಟರೆ? ಅದು ಸೇರೋದು ವಿಮಾನದ ಹೊಟ್ಟೆಗೆ. ಅಲ್ಲಿ ನಾಯಿಮರಿ ಇದ್ದರೆ ಉಸಿರು ಕಟ್ಟುತ್ತೆ. ಹಾಗಾಗಿ ಡ್ರೈ ಐಸನ್ನ ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ, ನಂಬರ್ ಯುಎನ್ 1845. ಡಬ್ಬಿ ಮೇಲೆ ಎಷ್ಟು ಕಿಲೋ ಅಂತ ಬರೀಬೇಕು. ಒಂದು ವಿಮಾನದಲ್ಲಿ ಇಷ್ಟಕ್ಕಿಂತ ಜಾಸ್ತಿ ಬೇಡ ಅನ್ನೋ ಮಿತಿ ಇದೆ. ಪ್ರಾಣಿಗಳಿದ್ದರೆ ದೂರ ಇಡಬೇಕು. ಹೊರಡೋ ಮುಂಚೆ ಪೈಲಟ್ ಕೈಗೆ ಒಂದು ಚೀಟಿ ಬರುತ್ತೆ, ಅದರಲ್ಲಿ ಇದೂ ಇರುತ್ತೆ. ತನ್ನ ಬೆನ್ನ ಹಿಂದೆ ಎಷ್ಟು ಮೀನಿದೆ ಅಂತ ಕ್ಯಾಪ್ಟನ್ ತಲೆ ಕೆಡಿಸ್ಕೊಳ್ಳಲ್ಲ. ಡ್ರೈ ಐಸ್ ಎಲ್ಲಿದೆ, ಎಷ್ಟಿದೆ ಅಂತ ಮಾತ್ರ ಗೊತ್ತಿರಲೇಬೇಕು.

ಹಾಗಂತ ಮಾವಿನ ಡಬ್ಬಿಗೆ ಡ್ರೈ ಐಸ್ ಹಾಕಿಬಿಟ್ಟೀರಿ ಮತ್ತೆ! ಮಾವು ಕಿತ್ತ ಮೇಲೂ ಉಸಿರಾಡುತ್ತೆ, ಬಿಸಿ ಬಿಡುತ್ತೆ. ಒಂದರ ಮೇಲೊಂದು ಒತ್ತಿ ಪೇರಿಸಿದರೆ ತಾನಾಗೇ ಕಾಯುತ್ತೆ. ಅದಕ್ಕೇ ಈ ಡಬ್ಬಿಗೆ ತೂತು. ಅಮೆರಿಕಕ್ಕಾದರೆ ಹುಳ ನುಗ್ಗದಂತೆ ಆ ತೂತಿಗೆ ಜಾಲರಿಯೂ ಬೇಕು. ತೀರಾ ತಣ್ಣಗಾದರೂ ಮಾವಿಗೆ ಆಗಿಬರಲ್ಲ. 12-13 ಡಿಗ್ರಿ ಹಿತ. 10ಕ್ಕಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತೆ, ಹಣ್ಣು ಸರಿಯಾಗಿ ಮಾಗಲ್ಲ.

ಈಗ ಕೊಪ್ಪಳಕ್ಕೆ ಬನ್ನಿ. ಏಪ್ರಿಲ್, ಮೇ. ಹೊರಗೆ 40 ಡಿಗ್ರಿ. ಮಧ್ಯಾಹ್ನ ಕಿತ್ತ ಕಾಯಿಯ ಒಳಗಿನ ತಿರುಳೂ ಕಾದಿರುತ್ತೆ. ತಿಳಿದವರು ಬೆಳಗ್ಗೆ ಬೇಗ, ಕಾಯಿಗೆ ಸ್ವಲ್ಪ ತೊಟ್ಟು ಉಳಿಸಿ ಕೀಳ್ತಾರೆ. ಸೊನೆ ಸುರಿದರೆ ಸಿಪ್ಪೆ ಮೇಲೆ ಸುಟ್ಟ ಹಾಗೆ ಕಲೆ ಬೀಳುತ್ತೆ, ಆ ಹಣ್ಣು ರಫ್ತಿಗೆ ನಡೆಯಲ್ಲ. ಆಮೇಲೆ ತಡಮಾಡದೆ ಕೋಲ್ಡ್ ರೂಮಿಗೆ ಹಾಕಿ ಒಳಗಿನ ಬಿಸಿ ಇಳಿಸಬೇಕು. ತಂಪಿನ ಬಂಡವಾಳ ಹಾಕಬೇಕಾದ್ದು ಇಲ್ಲೇ. ಇಲ್ಲಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 350 ಕಿಲೋಮೀಟರ್. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ, ಸುಮಾರು 200. ಬಿಸಿ ಕಾಯಿಗಳನ್ನ ತಾಡಪಾಲು ಮುಚ್ಚಿದ ಲಾರಿಯಲ್ಲಿ ಅಷ್ಟು ದೂರ ಸಾಗಿಸಿ, ಆಮೇಲೆ ವಿಮಾನದವರನ್ನ ಬೈದು ಏನು ಪ್ರಯೋಜನ ಹೇಳಿ? ತೋಟದ ಹತ್ತಿರ ಒಂದು ಒಳ್ಳೆ ಕೋಲ್ಡ್ ರೂಮ್ ಇಲ್ಲದೆ, ನಮ್ಮೂರಿಗೂ ವಿಮಾನ ನಿಲ್ದಾಣ ಬರಲಿ, ರಫ್ತು ಜಾಸ್ತಿ ಆಗುತ್ತೆ ಅನ್ನೋ ಭಾಷಣ ಕೇಳಿದರೆ ನನಗೆ ನಗು ಬರುತ್ತೆ.

ದಾರಿಯಲ್ಲಿ ದೊಡ್ಡ ಕಂಟಕ ಆಕಾಶದಲ್ಲಿಲ್ಲ, ರನ್‌ವೇ ಪಕ್ಕದ ಕಾಂಕ್ರೀಟ್ ಮೇಲಿದೆ. ಲೋಡಿಂಗಿಗೆ ಕಾಯುತ್ತಾ ಸರಕು ಬಿಸಿಲಲ್ಲಿ ನಿಂತಿರುತ್ತೆ. ಬೆಂಗಳೂರಲ್ಲಿ ಸ್ವಲ್ಪ ಹೊತ್ತು, ಮಧ್ಯೆ ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸುವಾಗ ಇನ್ನೊಂದಿಷ್ಟು ಹೊತ್ತು. ಬರೀ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿದ್ದರೆ ಒಳಗೆ ಹೊರಗಿಗಿಂತ ಜಾಸ್ತಿ ಕಾಯುತ್ತೆ. ಬೆಳ್ಳಿ ಬಣ್ಣದ ಹೊದಿಕೆ ಹಾಕೋದು ಅದಕ್ಕೆ, ಅಲಂಕಾರಕ್ಕಲ್ಲ.

[ಕೈಯಲ್ಲಿ ಅಳತೆ ಟೇಪು]

ದುಡ್ಡಿನ ಲೆಕ್ಕ. ವಿಮಾನದವರು ತೂಕ ನೋಡ್ತಾರೆ, ಗಾತ್ರವನ್ನೂ ನೋಡ್ತಾರೆ. ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ, 6000ದಿಂದ ಭಾಗಿಸಿ. 50, 40, 30ರ ಡಬ್ಬಿ ಅಂದರೆ 10 ಕಿಲೋ. ಒಳಗೆ ಆರು ಕಿಲೋ ಇದ್ದರೂ ಹತ್ತಕ್ಕೇ ದುಡ್ಡು ಕಟ್ಟಬೇಕು. ಥರ್ಮಾಕೋಲ್ ದಪ್ಪ ಮಾಡಿದಷ್ಟೂ ತಂಪು ಉಳಿಯುತ್ತೆ, ಜೇಬು ಉಳಿಯಲ್ಲ.

ಹಾಗಾಗಿ ಗಂಗಾವತಿಯ ಅಕ್ಕಿ ವಿಮಾನ ಹತ್ತಲ್ಲ. ಫ್ರೀಜ್ ಮಾಡಿದ ಸರಕೂ ಬಹುತೇಕ ಹಡಗಲ್ಲೇ ಹೋಗುತ್ತೆ. ತಮಾಷೆ ನೋಡಿ, ಹಡಗಿನ ಕಂಟೇನರ್‌ಗೆ ನಿಜವಾದ ಫ್ರಿಜ್ ಇದೆ! ದಾಳಿಂಬೆ ಹೆಚ್ಚು ದಿನ ಕೆಡದೆ ಉಳಿಯೋ ಹಣ್ಣು, ಅದಕ್ಕೂ ಹಡಗು ಆದೀತು. 2025ರಲ್ಲಿ ಸುಮಾರು 14 ಟನ್ ಭಗ್ವಾ ತಳಿಯ ದಾಳಿಂಬೆ ಐದು ವಾರ ಸಮುದ್ರದಲ್ಲಿ ಸಾಗಿ ಅಮೆರಿಕ ಮುಟ್ಟಿತು.

ಟೈಮ್ ಮುಗೀತಾ ಬಂತು, ಕಾಗದಪತ್ರದ ವಿಷಯ ಒಂದೇ ಉಸಿರಲ್ಲಿ ಹೇಳ್ತೀನಿ. ಹಣ್ಣಿಗೆ ಸಾಮಾನ್ಯವಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹುಳದ ಕಾಟ ತಡೆಯೋಕೆ ಜಪಾನಿಗೆ ಬಿಸಿ ಹಬೆಯ ಉಪಚಾರ. ಅಮೆರಿಕಕ್ಕೆ ಕನಿಷ್ಠ 400 ಗ್ರೇ (ಅದು ವಿಕಿರಣ ಅಳೆಯೋ ಮಾನ) ವಿಕಿರಣ; ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಆ ಸೌಲಭ್ಯ ಇದೆ. ಕಾಗದ ತಪ್ಪಿದರೆ? 2025ರ ಮೇ ತಿಂಗಳಲ್ಲಿ ಸುಮಾರು 15 ಕನ್ಸೈನ್‌ಮೆಂಟ್ ಭಾರತದ ಮಾವನ್ನ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆದರು. ತಕರಾರು ಇದ್ದದ್ದು ವಿಕಿರಣದ ದಾಖಲೆ ಬಗ್ಗೆ. ವಾಪಸ್ ತರೋ ಖರ್ಚು ಹಣ್ಣಿನ ಬೆಲೆಗಿಂತ ಜಾಸ್ತಿ, ಅಲ್ಲೇ ನಾಶ ಮಾಡಿಸಿದರು.

"ಹಾಗಾದ್ರೆ ಟೆಕ್ಸಾಸಲ್ಲಿರೋ ಮಗಳಿಗೆ ಒಂದು ಡಜನ್ ಹಣ್ಣು ಕೊರಿಯರ್ ಮಾಡಬಹುದಾ" ಅಂತ ಕೇಳಬೇಡಿ. ಆಗಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸಿ. ಅವಕ್ಕೆ ತಂಪೂ ಬೇಡ, ಡ್ರೈ ಐಸೂ ಬೇಡ. ಆದರೆ ರೊಟ್ಟಿ ಮುರಿಯಬಾರದು ಅಂತ ದೊಡ್ಡ ಡಬ್ಬಿ ತಗೊಂಡು ಸುತ್ತ ಪೇಪರ್ ತುರುಕೋ ಮುಂಚೆ ಟೇಪು ಹಿಡೀರಿ. ದೊಡ್ಡ ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಭಾಗಿಸೋದು 6000ದಿಂದ ಅಲ್ಲ, 5000ದಿಂದ. ಅದೇ ಡಬ್ಬಿ ಅಲ್ಲಿ 12 ಕಿಲೋ.