ಹತ್ತು ಸಾವಿರ ಚಾನೆಲ್ ಅಲ್ಲ ಸ್ವಾಮಿ, ಬರೀ ವಿಳಾಸದ ಚೀಟಿ

ನಮಸ್ಕಾರ, ಮುಂಬೈ ಪಕ್ಕದ ಡೊಂಬಿವಲಿಯಿಂದ. ಮಧ್ಯೆ ಲೋಕಲ್ ಟ್ರೇನಿನ ಹಾರ್ನ್ ಕೇಳಿಸುತ್ತೆ, ಸಹಿಸಿಕೊಳ್ಳಿ, ಕಿಟಕಿ ಮುಚ್ಚಿದರೆ ಈ ಸೆಖೆಗೆ ಕೂರೋಕಾಗಲ್ಲ.

ಪಕ್ಕದ ಬಿಲ್ಡಿಂಗಿನ ಹಿರಿಯರೊಬ್ಬರು, ಉಡುಪಿ ಕಡೆಯವರು, ಮೊನ್ನೆ ಫೋನ್ ಹಿಡಿದುಕೊಂಡು ಬಂದರು. ಯಾರೋ ಒಬ್ಬ ಹತ್ತು ಸಾವಿರ ಚಾನೆಲ್, ಕನ್ನಡದ್ದೆಲ್ಲ ಬರುತ್ತೆ, ಲೈಫ್‌ಟೈಮ್ ಅಂತ ದುಡ್ಡು ತಗೊಂಡು ವಾಟ್ಸಾಪ್‌ನಲ್ಲಿ ಒಂದು ಫೈಲ್ ಕಳಿಸಿದ್ದನಂತೆ. ಹದಿನೈದು ದಿನ ಚೆನ್ನಾಗಿ ಬಂತು, ಆಮೇಲೆ ಕಪ್ಪು ಪರದೆ. "ಫೈಲ್ ಕೆಟ್ಟಿದೆ, ಸ್ವಲ್ಪ ನೋಡು" ಅಂದರು.

ಫೈಲ್ ಕೆಟ್ಟಿರಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸಿದೆ. ಒಳಗೆ ವಿಡಿಯೋನೇ ಇಲ್ಲ, ಬರೀ ಅಕ್ಷರ! ಇದಕ್ಕೆ ಎಂ3ಯು ಅಂತಾರೆ. ಕಂಪ್ಯೂಟರಿನಲ್ಲಿ ಹಾಡು ಕೇಳೋ ಹಳೇ ಸಾಫ್ಟ್‌ವೇರ್ ವಿನ್ಆಂಪ್ ಇತ್ತಲ್ಲ, ಅದರ ಕಾಲದಲ್ಲಿ ಹಾಡುಗಳ ಪಟ್ಟಿ ಇಟ್ಟುಕೊಳ್ಳೋಕೆ ಬಳಸುತ್ತಿದ್ದದ್ದು. ಒಂದು ಸಾಲಲ್ಲಿ ಚಾನೆಲ್ ಹೆಸರು, ಲೋಗೋ, ಯಾವ ಗುಂಪು ಅನ್ನೋದು, ಅದರ ಕೆಳಗಿನ ಸಾಲಲ್ಲಿ ಲಿಂಕ್. ಅಷ್ಟೇ. ಹೆಸರಿನ ಮುಂದೆ ಮೈನಸ್ 1 ಅಂತ ಇರುತ್ತೆ, ನೋಡಿ ಗಾಬರಿಯಾಗಬೇಡಿ, ಲೈವ್ ಆದ್ದರಿಂದ ಇಷ್ಟು ಸೆಕೆಂಡು ಅಂತ ಲೆಕ್ಕ ಇಲ್ಲ ಅಂತ ಅರ್ಥ. ಮಾಟುಂಗದ ಅಂಗಡಿಯ ವಿಳಾಸ ಬರೆದಿಟ್ಟುಕೊಂಡರೆ ಕಾಫಿಪುಡಿ ಮನೆಗೆ ಬಂದ ಹಾಗಾಯ್ತಾ? ಅಂಗಡಿಯವನು ಬಾಗಿಲು ಹಾಕಿದರೆ ಚೀಟಿ ಏನು ಮಾಡುತ್ತೆ ಪಾಪ.

ಎಂ3ಯು8 ಅಂತಲೂ ಕಾಣುತ್ತೆ. ಆ 8 ಅಂದರೆ ಯುಟಿಎಫ್-8, ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡೋ ಪದ್ಧತಿ, ಕನ್ನಡದ ಹೆಸರು ಚೌಕ ಚೌಕ ಆಗದೆ ಸರಿಯಾಗಿ ಕಾಣೋಕೆ ಅದೇ ಬೇಕು. ಆದರೆ ನನಗೆ ನಿಜವಾಗಿ ಇಷ್ಟವಾಗೋದು ಆ ಲಿಂಕಿನ ಆಚೆ ಇರೋದು. ಅಲ್ಲೂ ಸಾಮಾನ್ಯವಾಗಿ ಇನ್ನೊಂದು ಪಟ್ಟಿ! ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಪದ್ಧತಿ ಅದು: ಲೈವ್ ಕಾರ್ಯಕ್ರಮವನ್ನು ಆರು ಸೆಕೆಂಡೋ ಹತ್ತು ಸೆಕೆಂಡೋ ಚೂರು ಮಾಡಿ, ಹೊಸ ಚೂರು ಬಂದ ಹಾಗೆ ಹಳೆಯದನ್ನು ಪಟ್ಟಿಯಿಂದ ತೆಗೆಯುತ್ತಾ ಹೋಗುತ್ತಾರೆ, ನಿಮ್ಮ ಪ್ಲೇಯರ್ ಪದೇ ಪದೇ ಹೋಗಿ "ಮುಂದಿನದು ಬಂತಾ" ಅಂತ ಕೇಳುತ್ತಿರುತ್ತೆ. ಕೇಬಲ್ ಇರೋ ಮನೆಯವರು ಸಿಕ್ಸರ್‌ಗೆ ಕೂಗಿದ ಮೇಲೆ ನಿಮಗೆ ಬೌಲರ್ ಓಡಿ ಬರೋದು ಕಾಣೋದು ಇದಕ್ಕೇ.

ಪ್ಲೇಲಿಸ್ಟ್ ಇಟ್ಟುಕೊಂಡರೆ ತಪ್ಪೇನಿಲ್ಲ. ವಿಳಾಸ ಯಾರದ್ದು, ಪ್ರಸಾರ ಮಾಡೋ ಹಕ್ಕು ಅವರಿಗಿದೆಯಾ, ಅದನ್ನು ನೋಡಬೇಕು. ಚಿಲ್ಲರೆ ದುಡ್ಡಿಗೆ ಹತ್ತು ಸಾವಿರ ಚಾನೆಲ್ ಅಂದಾಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಇನ್ನೊಂದು ವಿಷಯ, ಇವರ ಫೈಲಿನ ಪ್ರತಿ ಲಿಂಕಿನಲ್ಲೂ ಯೂಸರ್‌ನೇಮ್, ಪಾಸ್‌ವರ್ಡ್ ರಾಜಾರೋಷವಾಗಿ ಕೂತಿತ್ತು. ಅದನ್ನು ಸಂಘದ ಗ್ರೂಪಿಗೆ ಫಾರ್ವರ್ಡ್ ಬೇರೆ ಮಾಡಿದ್ದರು!

ನಿಮಗೆ ನೋಡೋಕೆ ಬೇಕಾಗಿದ್ದು ಯಾವುದು ಅಂತ ಕೇಳಿದೆ. "ಚಂದನದ ವಾರ್ತೆ" ಅಂದರು. ಯೂಟ್ಯೂಬಿನಲ್ಲಿ ದೂರದರ್ಶನದವರದ್ದೇ ಚಾನೆಲ್ ಹಾಕಿಕೊಟ್ಟೆ, ಪುಕ್ಕಟೆ. ಐದು ನಿಮಿಷ ಸುಮ್ನೆ ನೋಡಿದರು. ಆಮೇಲೆ ಮೆಲ್ಲಗೆ, "ಉಳಿದ 9,999 ವಾಪಸ್ ಕೊಟ್ಟರೆ ದುಡ್ಡು ಬರುತ್ತಾ?"