ಹಡಗಿನ ಸದ್ದಿಗೆ ವಿನಂತಿ ಸಾಲದು, ಕಡ್ಡಾಯ ನಿಯಮ ಬೇಕು

ಗಂಡು ಫಿನ್ ತಿಮಿಂಗಿಲ ಹಾಡುವುದು ಸುಮಾರು 20 ಹರ್ಟ್ಸ್‌ನಲ್ಲಿ. ನಮ್ಮ ಕಿವಿಗೆ ಕೇಳಿಯೂ ಕೇಳದಷ್ಟು ತಗ್ಗು ದನಿ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ಓಡುತ್ತದೆ, ಇಷ್ಟು ತಗ್ಗಿನ ದನಿಯಾದರೆ ಬಹಳ ದೂರ ಮುಟ್ಟುತ್ತದೆ. ಕಷ್ಟ ಇರುವುದು ಇಲ್ಲೇ: ದೊಡ್ಡ ಸರಕು ಹಡಗಿನ ಸದ್ದು ಜೋರಾಗಿರುವುದೂ ಇದೇ ತಗ್ಗು ಶ್ರುತಿಯಲ್ಲಿ.

ಹಡಗು ಓಡುತ್ತಿರುವಾಗ ಈ ಸದ್ದಿನ ಹೆಚ್ಚು ಪಾಲು ಪ್ರೊಪೆಲರ್‌ನದು. ಅಲಗು ವೇಗವಾಗಿ ತಿರುಗಿದಾಗ ಅದರ ಒಂದು ಬದಿಯಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ, ತಣ್ಣೀರೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಒತ್ತಡ ಹೆಚ್ಚಿರುವ ಕಡೆಗೆ ಸರಿದೊಡನೆ ಆ ಗುಳ್ಳೆಗಳು ಅಪ್ಪಳಿಸಿ ಒಡೆಯುತ್ತವೆ. ಕ್ಯಾವಿಟೇಶನ್ ಅಂದರೆ ಇದೇ. ಅಲಗಿನ ಅಂಚು ಮುಕ್ಕಾಗಿದ್ದರೆ, ಬಾರ್ನಕಲ್ ಎಂಬ ಕಡಲ ಚಿಪ್ಪುಜೀವಿ ಅಂಟಿದ್ದರೆ, ಇದು ಇನ್ನೂ ಕಡಿಮೆ ವೇಗದಲ್ಲೇ ಶುರುವಾಗುತ್ತದೆ.

ಒಂದು ಲೆಕ್ಕ ಹಾಕೋಣ. ಹಿನ್ನೆಲೆ ಸದ್ದು 6 ಡೆಸಿಬೆಲ್ ಏರಿತು ಅನ್ನಿ. ಶಬ್ದ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ನೀರಿನಲ್ಲಿ ಕೂಗು ಕೇಳಿಸುವ ದೂರ ಅರ್ಧಕ್ಕಿಳಿಯುತ್ತದೆ, ವಿಸ್ತೀರ್ಣ ಕಾಲು ಭಾಗಕ್ಕೆ. ಸಂಗಾತಿಯನ್ನು ಕರೆಯುವ ಪ್ರಾಣಿಗೆ ಮುಕ್ಕಾಲು ಪಾಲು ಕಡಲು ಕೈತಪ್ಪಿತು. ರೈಟ್ ತಿಮಿಂಗಿಲಗಳು ಇಂಥ ಸದ್ದಿನಲ್ಲಿ ಇನ್ನೂ ಜೋರಾಗಿ ಕೂಗುತ್ತವೆ, ಪಾಪ, ಗಂಟಲಿಗೂ ಮಿತಿ ಇದೆಯಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಬೇ ಆಫ್ ಫಂಡಿಯಲ್ಲಿ ಹಡಗುಗಳ ಓಡಾಟ ತಗ್ಗಿತು, ಸದ್ದು 6 ಡೆಸಿಬೆಲ್ ಇಳಿಯಿತು. ಅಲ್ಲಿನ ರೈಟ್ ತಿಮಿಂಗಿಲಗಳ ಮಲ ಪರೀಕ್ಷಿಸಿದಾಗ ಒತ್ತಡದ ಹಾರ್ಮೋನಿನ ಅಂಶವೂ ಇಳಿದಿತ್ತು. ಚೆಲ್ಲಿದ ಎಣ್ಣೆಯಂತೆ ವರ್ಷಗಟ್ಟಲೆ ಉಳಿಯುವ ಕೊಳೆ ಅಲ್ಲ ಇದು. ನಿಲ್ಲಿಸಿದರೆ ಆಗಲೇ ನಿಲ್ಲುತ್ತದೆ.

ಹಾಗಾಗಿ ಮೊದಲ ಮದ್ದು ವೇಗ ಇಳಿಸುವುದು. ಆದರೆ ಹೇಗೆ ಇಳಿಸುತ್ತೀರಿ ಅನ್ನುವುದನ್ನು ನೋಡಬೇಕು. ಅಲಗಿನ ಕೋನ ಬದಲಿಸಬಲ್ಲ ಪ್ರೊಪೆಲರ್ ಇದ್ದಾಗ, ಸುತ್ತುಗಳನ್ನು ಅಷ್ಟೇ ಇಟ್ಟು ಕೋನ ಮಾತ್ರ ತಗ್ಗಿಸಿದರೆ ಅಲಗಿನ ಇನ್ನೊಂದು ಮುಖದಲ್ಲಿ ಗುಳ್ಳೆ ಏಳುತ್ತದೆ. ಹಡಗು ನಿಧಾನವಾಗುತ್ತದೆ, ಸದ್ದು ಮಾತ್ರ ಹೆಚ್ಚಬಹುದು. ಪ್ರೊಪೆಲರ್ ತಿರುಗಿಸುವ ದಂಡದ, ಅಂದರೆ ಶಾಫ್ಟಿನ, ಸುತ್ತನ್ನೇ ಇಳಿಸಬೇಕು. ವಿದ್ಯುತ್ ಜನರೇಟರ್ ಅದೇ ಶಾಫ್ಟಿನಿಂದ ಓಡುವ ಹಡಗುಗಳಲ್ಲಿ, ಸುತ್ತು ಇಳಿದರೆ ವಿದ್ಯುತ್ತೂ ಏರುಪೇರಾಗುತ್ತದೆಂದು, ಇದಕ್ಕೇ ಹಿಂಜರಿಯುತ್ತಾರೆ.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2014ರಲ್ಲಿ ಸದ್ದಿನ ಮಾರ್ಗಸೂಚಿ ತಂದಿತು, 2023ರಲ್ಲಿ ಪರಿಷ್ಕರಿಸಿತು. ಎರಡೂ ಐಚ್ಛಿಕ. ಇದು ನನಗೆ ಒಪ್ಪಿಗೆಯಿಲ್ಲ. ಹೊಸ ಹಡಗನ್ನು ಕಡಲಿಗಿಳಿಸಿ ವೇಗ ಪರೀಕ್ಷಿಸುವಾಗಲೇ ನೀರೊಳಗಿನ ಸದ್ದು ಹಿಡಿಯುವ ಮೈಕು, ಹೈಡ್ರೋಫೋನ್, ಇಳಿಸಿ ಸದ್ದನ್ನೂ ಅಳೆಯಲಿ, ಆ ಅಂಕಿ ಹಡಗಿನ ದಾಖಲೆಯಲ್ಲಿ ಬರಲಿ. ಮಿತಿ ಮೀರಿದ ಹಡಗು ತಿಮಿಂಗಿಲಗಳ ದಾರಿಯಲ್ಲಿ ಪೂರ್ಣ ವೇಗದಲ್ಲಿ ಹೋಗುವಂತಿರಬಾರದು.