ನುಂಗಿದ ಮೇಲೆ ಹೀಲಿಯಂ ಎಲ್ಲಿಗೆ?

ಕೇಳುಗರಿಗೆ ನಮಸ್ಕಾರ. ವೇಗದ ನ್ಯೂಟ್ರಾನಿನ ರಿಯಾಕ್ಟರನ್ನು ಹತೋಟಿಯಲ್ಲಿಡುವ ಕಂಟ್ರೋಲ್ ರಾಡಿನೊಳಗೆ ಇರುವುದು ಬೋರಾನ್ ಕಾರ್ಬೈಡ್. ನ್ಯೂಟ್ರಾನುಗಳನ್ನು ನುಂಗುವುದೇ ಅದರ ಕೆಲಸ. ಉಕ್ಕಿನ ಕೊಳವೆಯಲ್ಲಿ ಒಂದರ ಮೇಲೊಂದು ಪೇರಿಸಿದ ಕಪ್ಪು ಸೆರಾಮಿಕ್ ಬಿಲ್ಲೆಗಳು. ಕಾರವಾರದ ಕಡೆಯವರು ಕೈಗಾದಲ್ಲೂ ಇದೇನಾ ಅಂತ ಕೇಳಬಹುದು. ಅಲ್ಲ, ಅಲ್ಲಿ ರಿಯಾಕ್ಟರನ್ನು ನಿಲ್ಲಿಸುವ ಶಟ್‌ಆಫ್ ರಾಡುಗಳಲ್ಲಿರುವುದು ಕ್ಯಾಡ್ಮಿಯಂ. ನಾನು ಹೇಳುತ್ತಿರುವುದು ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ ವೇಗದ ರಿಯಾಕ್ಟರಿನ ಬಗೆಯದು.

ಬೋರಾನಿನಲ್ಲಿ ಕೆಲಸದ್ದು ಬೋರಾನ್-10 ಎಂಬ ಐಸೊಟೋಪ್ ಮಾತ್ರ. ಪ್ರಕೃತಿಯಲ್ಲಿ ಅದು ನೂರಕ್ಕೆ ಇಪ್ಪತ್ತು. ಮಿಕ್ಕ ಎಂಬತ್ತು ದಂಡಕ್ಕೆ. ನ್ಯೂಟ್ರಾನ್ ವೇಗವಾದಷ್ಟೂ ಬೋರಾನಿನ ಹಿಡಿತ ತಪ್ಪುತ್ತದೆ. ಅದಕ್ಕೇ ಕಲ್ಪಾಕ್ಕಮ್ಮಿನ ಎಫ್‌ಬಿಟಿಆರ್ ಎಂಬ ಪ್ರಾಯೋಗಿಕ ವೇಗದ ರಿಯಾಕ್ಟರಿನಲ್ಲಿ ಬೋರಾನ್-10 ಅನ್ನು 90 ಪ್ರತಿಶತಕ್ಕೆ ಏರಿಸಿ ಬಳಸುತ್ತಾರೆ.

ಎಲ್ಲರೂ ಕೇಳುವುದು ಎಷ್ಟು ನುಂಗುತ್ತದೆ ಅಂತ. ನುಂಗುತ್ತದೆ ಸ್ವಾಮಿ, ಅದರಲ್ಲಿ ಅನುಮಾನವಿಲ್ಲ! ನುಂಗಿದ ಮೇಲೆ ಹೀಲಿಯಂ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ನುಂಗಿದ ಬೋರಾನ್ ಒಡೆಯುತ್ತದೆ: ಒಂದು ನ್ಯೂಟ್ರಾನಿಗೆ ಒಂದು ಲಿಥಿಯಂ, ಒಂದು ಹೀಲಿಯಂ. ಒಂದು ಘನ ಸೆಂಟಿಮೀಟರ್ ಸಾಧಾರಣ ಬಿಲ್ಲೆಯಲ್ಲಿ ಬೋರಾನ್-10ರ ಹತ್ತನೇ ಒಂದು ಪಾಲು ಹೀಗೆ ಖರ್ಚಾದರೂ, ಸಾಮಾನ್ಯ ಒತ್ತಡದಲ್ಲಿ ಅಳೆದರೆ ಸುಮಾರು 80 ಘನ ಸೆಂಟಿಮೀಟರ್ ಅನಿಲ!

ಜಪಾನಿನ ಓರಾಯಿಯಲ್ಲಿರುವ ಜೋಯೋ ರಿಯಾಕ್ಟರಿನ ಕಥೆ ಕೇಳಿ. ಬಿಲ್ಲೆಯ ಹೊರಮೈ ಹೆಚ್ಚು ನ್ಯೂಟ್ರಾನ್ ನುಂಗುತ್ತದೆ, ಒಳಗಿನದಕ್ಕೆ ಕಡಿಮೆ. ಹೀಗಾಗಿ ಒಂದೇ ಮಗ್ಗುಲು ಕೆಂಡಕ್ಕೆ ಹಿಡಿದ ಹಪ್ಪಳದ ಹಾಗೆ ಏರುಪೇರಾಗಿ ಉಬ್ಬಿ ಬಿರುಕು ಬಿಡುತ್ತದೆ. ಆ ಚೂರುಗಳು ಬಿಲ್ಲೆಗೂ ಕೊಳವೆಗೂ ನಡುವಿನ ಸಂದಿಗೆ ಜಾರಿ ಬೆಣೆಯಾಗಿ ಕೂತವು. ಉಬ್ಬಲು ಬಿಟ್ಟಿದ್ದ ಜಾಗವೇ ಮುಚ್ಚಿತು. ಬಿಲ್ಲೆ ಇನ್ನೂ ಉಬ್ಬುತ್ತಿದೆ, ಅತ್ತ ವಿಕಿರಣಕ್ಕೆ ಸಿಕ್ಕಿ ಉಕ್ಕು ಪೆಡಸಾಗಿದೆ. ಕೊಳವೆ ಸೀಳಿತು. ಆಮೇಲೆ ಬಿಲ್ಲೆಗಳ ಸುತ್ತ ತೆಳು ಕವಚ ಹಾಕಿದರು, ಚೂರು ಜಾರದಿರಲಿ ಅಂತ. ಸಂದಿಗೆ ಹೀಲಿಯಂ ಬದಲು ಸೋಡಿಯಂ ತುಂಬುವ ವಿನ್ಯಾಸವೂ ಬಂತು. ಸೋಡಿಯಂ ಶಾಖವನ್ನು ಚೆನ್ನಾಗಿ ಸಾಗಿಸುವುದರಿಂದ ಸಂದಿಯನ್ನು ಅಗಲವಾಗಿ ಬಿಡಬಹುದು.

ಹೊತ್ತಾಯಿತು, ಬಿಲ್ಲೆಯ ತಯಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪುಡಿಯನ್ನು ಗ್ರಾಫೈಟ್ ಅಚ್ಚಿನಲ್ಲಿ, ನಿರ್ವಾತದಲ್ಲಿ, 2,000 ಡಿಗ್ರಿ ಸೆಲ್ಸಿಯಸ್ ದಾಟಿಸಿ ಒತ್ತಬೇಕು. ಕಣಗಳ ಮೈಮೇಲೆ ಬೋರಾನ್ ಆಕ್ಸೈಡಿನ ಪೊರೆ ಇರುತ್ತದೆ. ಅದು ಹೋಗುವ ಮೊದಲೇ ಅವಸರದಿಂದ ಕಾಯಿಸಿದರೆ ಕಣಗಳು ಒರಟಾಗುತ್ತವೆ, ರಂಧ್ರಗಳು ಮುಚ್ಚುವುದಿಲ್ಲ. ಹಾಗಂತ ರಂಧ್ರವೇ ಇಲ್ಲದ ಬಿಲ್ಲೆಯೂ ಬೇಡ. ಹೀಲಿಯಂ ತಂಗಲು ಕೊಂಚ ಜಾಗ ಬೇಕಲ್ಲ! ತಯಾರಾದ ಬಿಲ್ಲೆಯನ್ನು ಉಜ್ಜಿ ಅಳತೆಗೆ ತರಲು ವಜ್ರದ ಚಕ್ರವೇ ಬೇಕು.

ರಿಯಾಕ್ಟರಿನ ಸುತ್ತ ನ್ಯೂಟ್ರಾನ್ ತಡೆಯುವ ಗೋಡೆಯ ಬಗ್ಗೆ ಒಂದೇ ಮಾತು. ಬೋರಾನ್ ಒಂದನ್ನೇ ನಂಬಬೇಡಿ. ಹೈಡ್ರೋಜನ್ ಇರುವ ಪಾಲಿಥೀನ್‌ನಂಥದ್ದು ನ್ಯೂಟ್ರಾನಿನ ವೇಗ ತಗ್ಗಿಸಲಿ, ಬೋರಾನ್ ಆಮೇಲೆ ನುಂಗಲಿ. ಆದರೆ ಪಾಲಿಥೀನ್ ಶಾಖ ತಡೆಯದು. ರಿಯಾಕ್ಟರಿನ ಶಾಖ ಹೊತ್ತೊಯ್ಯುವ ಸೋಡಿಯಂ ಹರಿಯುವ ಬಿಸಿ ಜಾಗದಲ್ಲಿ ಮತ್ತೆ ಬೋರಾನ್ ಕಾರ್ಬೈಡೇ ಗತಿ, ಮತ್ತೆ ಅದೇ ಪ್ರಶ್ನೆ: ಹೀಲಿಯಂ ಎಲ್ಲಿಗೆ?